ಇಳಿಜಾರಿನ ಸೊಪ್ಪಿನ ಮಡಿ

ನಲವತ್ತು ದಾಟಿದರೂ ಮದುವೆಯಾಗದ ಆ ಬಸ್ ಡ್ರೈವರನಿಗೆ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಮಾತು ಕಡಿಮೆ, ಇವನಿಗಿಂತ ಇವನ ಬಸ್ಸಿನ ಹಾರನ್ನೇ ಹೆಚ್ಚು ಮಾತಾಡುತ್ತದೆ ಎಂದು ಡಿಪೋದಲ್ಲಿ ನಗುತ್ತಿದ್ದರು. ಅಂಥವನು ಇದ್ದಕ್ಕಿದ್ದಂತೆ ದಿನಾ ಮನೆಗೆ ಸೊಪ್ಪು ತರತೊಡಗಿದ.

"ಇನ್ನೊಂದು ವಾರ ಹೀಗೇ ತಂದ್ರೆ ನಾನು ಆಡಿನ ಥರ ಮೇ ಅಂತೀನಿ ನೋಡು," ಎಂದಳು ಅಕ್ಕ. ಸೊಪ್ಪು ಬಿಡಿಸುತ್ತಾ ಮೆಲ್ಲಗೆ ಕೇಳಿದಳು, "ಯಾರೋ ಅವಳು?"

ಊರಿನ ದೊಡ್ಡ ರಸ್ತೆ ಇಳಿಜಾರಾಗಿ ತಿರುಗುವಲ್ಲಿ ಒಂದು ನಿಲ್ದಾಣ. ಅದರ ಕೆಳಗೇ ಅವಳ ತೋಟ. ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆ ಸೊಪ್ಪು ಬೆಳೆದು ಮಾರುತ್ತಿದ್ದಳು. ಮಳೆ ಬಂದರೆ ರಸ್ತೆಯ ನೀರೆಲ್ಲ ಅವಳ ಹೊಂಡಕ್ಕೆ ಇಳಿಯುತ್ತಿತ್ತು. ಮಡಿಗಳಿಗೆ ಅದೇ ನೀರು. ಬೆಳಗಿನ ಬಸ್ಸಿಗೆ ಕಟ್ಟುಗಳನ್ನು ಹೊತ್ತು ಹತ್ತುತ್ತಿದ್ದಳು. ಅವಳು ಇನ್ನೂ ನಿಲ್ದಾಣಕ್ಕೆ ಬಂದಿರದಿದ್ದರೆ ಅವನು ಮೇಲಿನಿಂದಲೇ ಬ್ರೇಕ್ ಒತ್ತುತ್ತಾ ಬಸ್ಸನ್ನು ತೆವಳಿಸಿಕೊಂಡು ಬರುತ್ತಿದ್ದ.

"ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಮುಟ್ತಿದ್ವಲ್ರೀ!" ಎಂದು ಪ್ರಯಾಣಿಕರು ಗೊಣಗುತ್ತಿದ್ದರು.

"ಬರ್ತಾಳೆ ಬಿಡಣ್ಣ, ಚಪ್ಪಲಿ ಹುಡುಕ್ತಿರ್ಬೇಕು," ಎಂದು ಕಂಡಕ್ಟರ್ ಕಣ್ಣು ಮಿಟುಕಿಸುತ್ತಿದ್ದ.

ಅಕ್ಕನೇ ಹೋಗಿ ಅವಳ ತಾಯಿಯ ಹತ್ತಿರ ಮದುವೆಯ ಮಾತು ಎತ್ತುವುದೆಂದಾಯಿತು. ಅಷ್ಟರಲ್ಲಿ ನಗರಸಭೆಯವರು ಬಂದು ಹೊಂಡದ ನೀರನ್ನೂ ಮಡಿಯ ಮಣ್ಣನ್ನೂ ಪರೀಕ್ಷೆಗೆ ತುಂಬಿಕೊಂಡು ಹೋದರು. ಅದೊಂದು ಮುಗಿಯಲಿ ಎಂದು ಅಕ್ಕ ಕಾದಳು. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಬರಿಗೈಯಲ್ಲಿ ಬಸ್ಸು ಹತ್ತಿದಳು.

"ಸೊಪ್ಪೆಲ್ಲಿ?"

"ಕಿತ್ತು ಹಾಕ್ದೆ. ಸೀಸ, ತಾಮ್ರ, ಸತು ಏನೇನೋ ಸೇರಿದೆಯಂತೆ, ತಿನ್ನಬಾರದಂತೆ. ಟೈರು, ಬ್ರೇಕು ಸವೆದ ಪುಡಿಯೆಲ್ಲ ಮಳೆ ನೀರಲ್ಲಿ ಕೊಚ್ಕೊಂಡು ಬರುತ್ತಂತೆ. ಎಲ್ಲರೂ ಬ್ರೇಕ್ ಹಾಕೋ ಜಾಗ ನೋಡಿ, ಅದಕ್ಕೇ ಇಲ್ಲಿ ಜಾಸ್ತಿ ಅಂದ್ರು." ಅವಳು ನಗಲು ನೋಡಿದಳು. "ನಿಮ್ಮ ಬಸ್ಸಿಂದೂ ಒಂದು ಚಿಟಿಕೆ ಇರ್ಬೇಕು."

ಅವಳಿಗಾಗಿ ಒತ್ತಿದ ಬ್ರೇಕುಗಳೆಲ್ಲ ಅವನ ಕಾಲಿಗೆ ನೆನಪಾದವು.

"ನಾಳೆ ಚಿಕ್ಕಮ್ಮನ ಊರಿಗೆ ಹೊರಟ್ವಿ. ಅಲ್ಲಿ ಬಾವಿ ಇದೆ," ಎಂದಳು.

"ನಾಳೇನಾ?" ಎಂದ. ರಸ್ತೆಯ ಮೇಲೆ ಕಣ್ಣಿಟ್ಟು ಗೇರ್ ಬದಲಿಸಿದ. ಇಳಿದ ಮೇಲೂ ಅವಳು ಅವನ ಕಿಟಕಿಯ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದಳು.

"ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?" ಎಂದು ರಾತ್ರಿ ಮನೆಯಲ್ಲಿ ಅಕ್ಕ ಬೈದಳು. "ನಡಿ, ಆ ಊರಿಗೇ ಹೋಗಿ ಕೇಳೋಣ."

"ಅವಳ ಅನ್ನಕ್ಕೆ ಮಣ್ಣು ಹಾಕಿದೋನು ಯಾವ ಮುಖ ಇಟ್ಕೊಂಡು ಹೋಗ್ಲಿ ಅಕ್ಕ?"

"ಊರಲ್ಲಿ ನೀನೊಬ್ಬನೇನಾ ಬ್ರೇಕ್ ಹಾಕೋನು?"

ಅಕ್ಕನ ಮಾತು ನಿಜವೆಂದು ಅವನಿಗೂ ಗೊತ್ತಿತ್ತು. ಆದರೂ ಹೋಗಲಿಲ್ಲ.

ಈಗ ಆ ಹೊಂಡಕ್ಕೆ ಜಲ್ಲಿ, ಮರಳು ತುಂಬಿ ರಸ್ತೆಯ ನೀರು ಸೋಸಿ ಹೋಗುವಂತೆ ಮಾಡಿದ್ದಾರೆ. ಆಳೆತ್ತರದ ಜೊಂಡು ಬೆಳೆದಿದೆ. ಡಿಪೋದವರು ಬೇರೆ ಮಾರ್ಗ ಕೊಡುತ್ತೇವೆಂದರೂ ಅವನು ಒಪ್ಪಿಲ್ಲ. ಸಂಜೆ ಡಿಪೋದಲ್ಲಿ, ಅವಳ ಊರಿನ ಕಡೆ ಬಸ್ಸು ಓಡಿಸುವವರನ್ನು ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಾನೆ.

"ಆ ಕಡೆ ಮಳೆ ಚೆನ್ನಾಗಾಯ್ತಾ?"

"ಆಯ್ತು. ಯಾಕೆ, ನಿಂದೇನಾದ್ರೂ ಜಮೀನಿದೆಯಾ ಅಲ್ಲಿ?"

"ಇಲ್ಲಪ್ಪ," ಎಂದು ಟೀ ಲೋಟ ಎತ್ತಿಕೊಳ್ಳುತ್ತಾನೆ.