ಬುಡದಲ್ಲಿ ನಿಂತ ನೀರು

ಕಡಲತಡಿಯ ನಾಬೆಲ್ ಪಟ್ಟಣದಲ್ಲಿ ವಸಂತ ಬಂತೆಂದು ಮೊದಲು ತಿಳಿಯುವುದು ಮೂಗಿಗೆ. ಕಹಿ ಕಿತ್ತಳೆ ಹೂ ಬಿಟ್ಟಿತೆಂದರೆ ಮೀನುಪೇಟೆಯ ವಾಸನೆಯೂ ಸೋತು ಹಿಂದೆ ಸರಿಯುತ್ತದೆ. ಮಸೀದಿಯ ಹಿಂದಿನ ಬೀದಿಗೆ ಆ ಪರಿಮಳ ಬರುತ್ತಿದ್ದುದು ದಲಂದಾಳ ಅಂಗಳದ ಮರದಿಂದ.

ದಲಂದಾ ಮದುಮಗಳ ಅಂಗಿಗೆ ಜರಿಯ ಕಸೂತಿ ಹಾಕಿ ಬದುಕುವವಳು. ತಾನು ಮಾತ್ರ ಅಂಥ ಅಂಗಿ ತೊಡಲಿಲ್ಲ. ಏಕೆಂದು ಜನ ಕೇಳುವ ವಯಸ್ಸೂ ದಾಟಿಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಅವಳ ಕದ ತಟ್ಟುವವರು ಬಟ್ಟೆ ಕೊಡಲು ಬಂದವರು, ಇಲ್ಲವೇ ಒಯ್ಯಲು ಬಂದವರು. ಮಾತು ಹೊಸ್ತಿಲಲ್ಲೇ ಹುಟ್ಟಿ ಹೊಸ್ತಿಲಲ್ಲೇ ಸಾಯುತ್ತಿತ್ತು. ಹೂ ಕೊಯ್ಯುವ ದಿನಗಳು ಮಾತ್ರ ಬೇರೆ. ಆಗ ಬೀದಿಯ ಹೆಂಗಸರೆಲ್ಲ ಬಂದು ಮರದಡಿ ಬಿಳಿ ಹಾಸು ಹರಡಿ ಕೂರುವರು. ಹೂ ಬಟ್ಟಿ ಇಳಿಸುವ ತಾಮ್ರದ ಹಂಡೆ ಒಲೆಗೇರುವುದು. ಹೂವಿನ ನೀರು ಹನಿಹನಿಯಾಗಿ ಸೀಸೆಗಿಳಿಯುವ ಹೊತ್ತಿಗೆ ಯಾರ ಸೊಸೆ ಮುನಿಸಿಕೊಂಡಳು, ಯಾರ ಮಗ ಮೈಗಳ್ಳ ಎಂಬುದೆಲ್ಲ ಇಳಿದು ಮುಗಿದಿರುತ್ತಿತ್ತು. ಆ ಗದ್ದಲವನ್ನು ದಲಂದಾ ಉಪ್ಪಿನಕಾಯಿಯ ಹಾಗೆ ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ತೆಗೆದು ಸವಿಯುವಳು.

ನಮಾಜಿಗೆ ಮುನ್ನ ಕೈಕಾಲು ತೊಳೆದ ನೀರನ್ನು ಚರಂಡಿಗೆ ಚೆಲ್ಲಬಾರದೆಂದು ಅವಳ ತಾಯಿ ಹೇಳುತ್ತಿದ್ದರು. ದೇವರ ಹೆಸರು ಸೋಕಿದ ನೀರು, ಉಸಿರಿರುವ ಯಾವುದಕ್ಕಾದರೂ ಸಲ್ಲಲಿ ಎಂದು. ದಲಂದಾ ಆ ಮಾತನ್ನು ಬಿಗಿಯಾಗಿ ಹಿಡಿದಳು. ಮರದ ಕಾಂಡಕ್ಕೆ ಒತ್ತಿದಂತೆ ಮಣ್ಣೇರಿಸಿ, ಪುದೀನ ಹಾಕಿ, ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿದಳು. ಐದು ಹೊತ್ತಿನ ನೀರೂ ಆ ಕಟ್ಟೆಯೊಳಗೇ ಬೀಳುತ್ತಿತ್ತು. ಬೇಡುವವರ ಕೈಗೆ ರೊಟ್ಟಿ ಇಟ್ಟಷ್ಟೇ ಸಮಾಧಾನ ಅದರಲ್ಲಿತ್ತು.

ಒಂದು ಬೇಸಿಗೆಯಲ್ಲಿ ತುದಿಯ ಎಲೆಗಳು ಹಳದಿಗಟ್ಟಿದವು. ಆಮೇಲೆ ಕೊನೆಯ ಕಡ್ಡಿಗಳು ಒಣಗಿ, ಒಣಗು ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಬಾಯಾರಿಕೆಯಿರಬೇಕೆಂದು ದಲಂದಾ ಪಾತ್ರೆ ತೊಳೆದ ನೀರನ್ನೂ ಸೇರಿಸಿದಳು. ಮರ ಇನ್ನಷ್ಟು ಬಾಡಿತು. ಅವಳು ಇನ್ನಷ್ಟು ಸುರಿದಳು. ಪುದೀನದ ಮರೆಯಲ್ಲಿ ತೊಗಟೆ ಸೀಳಿ ಕಂದು ಅಂಟು ಒಸರುತ್ತಿತ್ತು. ಅದನ್ನು ಕಂಡ ದಿನ, ಮರ ಅಳುತ್ತಿದೆ, ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡು ಧೂಪ ಹಾಕಿದಳು, ಪ್ರಾರ್ಥನೆ ಓದಿ ಬುಡಕ್ಕೆ ಊದಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಅರ್ಧ ಮರ ಬೋಳಾಗಿತ್ತು. ಗಿಡಗಳಿಗೆ ಕಸಿ ಕಟ್ಟುವ ಹೇದಿಯನ್ನು ಕರೆಸಿದಳು. ಅವನು ಪುದೀನ ಸರಿಸಿ, ಮಣ್ಣು ಕೆದಕಿ, ಬೆರಳು ಮೂಸಿ ನೋಡಿದ. ಹುಳಿತ ಹಿಟ್ಟಿನ ವಾಸನೆ ಅವಳಿಗೂ ಬಡಿಯಿತು.

“ಇದು ಬಾಯಾರಿಕೆ ಅಲ್ಲ ತಂಗಿ, ಬುಡಾನೇ ಕೊಳೆತಿದೆ. ಬೇರು ನೀರಲ್ಲಿ ಮುಳುಗಿ ಉಸಿರು ಕಟ್ಟಿದ್ರೆ ತುದಿಗೆ ನೀರು ಏರೋದು ಹೇಗೆ? ಹೊಟ್ಟೆ ಕೆಟ್ಟೋನಿಗೆ ಮೂರು ಹೊತ್ತು ಔತಣ ಬಡಿಸಿದ ಹಾಗಾಯ್ತು ನಿನ್ನ ಕೆಲಸ.”

“ನಮಾಜಿನ ನೀರು ಹೇದಿ ಅಣ್ಣ. ಅದು ಕೆಡುಕು ಮಾಡುತ್ತಾ?”

“ನೀರಿನ ತಪ್ಪಲ್ಲ ಬಿಡು. ನಿಲ್ಲೋಕೆ ಜಾಗ ಮಾಡಿಕೊಟ್ಟೋಳು ನೀನು.”

ಉಳಿಸಬಹುದೇ ಎಂದು ಕೇಳಿದಳು. ಹೇದಿ ತಲೆ ಕೆರೆದುಕೊಂಡ. ಕಟ್ಟೆ ಒಡೆಯಬೇಕು, ಮೇಲ್ಬೇರು ಕಾಣುವ ತನಕ ಮಣ್ಣು ತೆಗೆದು ಬಿಸಿಲಿಗೆ ಬಿಡಬೇಕು. ಕೊಳೆತ ತೊಗಟೆ ಹೆರೆದು ಸುಣ್ಣ, ಮೈಲುತುತ್ತ ಕಲಸಿ ಬಳಿಯಬೇಕು. ಒಣಗಿದ ಕೊಂಬೆಗಳ ಜೊತೆ ಹಸಿಯವನ್ನೂ ಕತ್ತರಿಸಬೇಕು. ಇಷ್ಟು ಬೇರು ಅಷ್ಟು ತಲೆಯನ್ನು ಹೊರಲಾರದು. ಬದುಕಿದರೆ ಎರಡು ವಸಂತ ಹೂವಿಲ್ಲ. ಈಗ ಮುಟ್ಟದಿದ್ದರೆ ಈ ವರ್ಷ ಮೈತುಂಬ ಹೂ ಬಿಡುತ್ತದೆ, ಸಾಯುವ ಮರ ಹಾಗೆಯೇ. ಅಲ್ಲಿಗೆ ಅದರ ಕತೆ ಮುಗಿಯಿತು. ಇಷ್ಟು ಹೇಳಿ, ನಾಳೆ ಬರುತ್ತೇನೆ, ಯೋಚಿಸಿಡು ಎಂದು ಹೋದ.

ದಲಂದಾ ಸೂಜಿ ಹಿಡಿದು ಕೂತಳು, ಹೊಲಿಗೆ ಸಾಗಲಿಲ್ಲ. ಈ ವರ್ಷದ ಹೂ ಕೈಗೆಟಕುವಂತಿತ್ತು. ಹಾಸಿನ ಮೇಲೆ ಕೂತ ಹೆಂಗಸರ ನಗು ಕಿವಿಗೇ ಕೇಳಿಸುತ್ತಿತ್ತು. ಹೂವಿಲ್ಲದ ಮನೆಗೆ ಯಾರು ಬಂದಾರು? ಒಂದು ವಸಂತ ತಪ್ಪಿದರೆ ಹೆಂಗಸರ ಕಾಲಿಗೆ ಬೇರೆ ಅಂಗಳದ ದಾರಿ ರೂಢಿಯಾಗಿಬಿಡುತ್ತದೆ. ಆದರೆ ತನ್ನ ಸಂತೋಷಕ್ಕೆಂದು ಒಂದು ಜೀವವನ್ನು ಸಾಯಲು ಬಿಟ್ಟು, ಅದರ ಕೊನೆಯ ಹೂವನ್ನು ಕುದಿಸಿ ಕುಡಿಯುವುದು ಹೇಗೆ? ಮಸೀದಿಯಿಂದ ಸಂಜೆಯ ಕರೆ ಕೇಳಿತು. ನಮಾಜಿನಲ್ಲಿ ಅವಳ ಹಣೆ ನೆಲದ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಇತ್ತು.

ಮಾರನೆಯ ದಿನ ಹೇದಿ ಗರಗಸ ತಂದ. ಕೆಲಸ ಮುಗಿದಾಗ ಉಳಿದದ್ದು ಒಂದು ಕಾಂಡ, ಮೂರು ಮೋಟು ಕೊಂಬೆ, ಬುಡದಲ್ಲಿ ನೀಲಿ ಬಳಿದ ಗಾಯ. ಅಂಗಳಕ್ಕೆ ಹಿಂದೆಂದೂ ಕಾಣದಷ್ಟು ಬೆಳಕು ಬಿತ್ತು. ದಲಂದಾ ಆ ಬೆಳಕಿನಿಂದ ಮುಖ ತಿರುಗಿಸಿ ಒಳಗೆ ಹೋದಳು.

ವಸಂತ ಬಂತು. ಪರಿಮಳ ಈಗ ಬೀದಿಯಾಚೆಯ ವಸೀಲಾಳ ಮನೆಯ ಮರದಿಂದ ಬರುತ್ತಿತ್ತು. ಹೆಂಗಸರು ಅಲ್ಲಿ ಸೇರುವರೆಂದು ಬ್ರೆಡ್ ಅಂಗಡಿಯಲ್ಲಿ ಕಿವಿಗೆ ಬಿತ್ತು. ದಲಂದಾ ಅಂದು ಒಳ್ಳೆಯ ಅಂಗಿ ತೊಟ್ಟು, ತಲೆವಸ್ತ್ರ ಸರಿಮಾಡಿಕೊಂಡು ಕಾದಳು. ಮಧ್ಯಾಹ್ನವಾಯಿತು. ಯಾರೂ ಕರೆಯಲು ಬರಲಿಲ್ಲ. ಬೀದಿಯಾಚೆ ನಗು ಎದ್ದು ಬಿದ್ದು ತಣ್ಣಗಾಯಿತು. ಸಂಜೆ ಅಂಗಿ ಕಳಚಿ ಮಡಚಿಟ್ಟಳು. ಮರವಿದ್ದಾಗ ನಾನಿದ್ದೆ, ಅಷ್ಟೆ ಎಂದುಕೊಂಡಳು.

ಎರಡು ದಿನ ಬಿಟ್ಟು, ಕಸೂತಿಗೆ ಕೊಟ್ಟಿದ್ದ ಮಗಳ ಅಂಗಿ ಕೇಳಲು ವಸೀಲಾ ಬಂದಳು. ಹೊಸ್ತಿಲಲ್ಲೇ ನಿಂತು ಮುಖ ಗಂಟಿಕ್ಕಿದಳು.

“ಏನಕ್ಕ, ನಮ್ಮನೆ ಹೂವಿನ ವಾಸನೆ ನಿನಗೆ ಬರಲ್ವಾ? ದೊಡ್ಡ ಮನುಷ್ಯಳಾಗಿಬಿಟ್ಟೆ.”

“ಕರೀಲಿಲ್ಲವಲ್ಲೇ ನೀನು.”

“ಹೂವಿಗೆ ಯಾರಾದ್ರೂ ಕರೀತಾರಾ? ಸಾವಿನ ಮನೆಗೂ ಹೂವಿನ ಮನೆಗೂ ಕರೆ ಇಲ್ಲ. ಇಷ್ಟು ವರ್ಷ ನೀನು ನಮ್ಮನ್ನ ಯಾವತ್ತು ಕರೆದಿದ್ದೆ, ಹೇಳು?”

ದಲಂದಾ ಯಾರನ್ನೂ ಕರೆದಿರಲಿಲ್ಲ, ನಿಜ. ಬಾಗಿಲು ತೆರೆದಿಡುತ್ತಿದ್ದಳು, ಅವರು ಬರುತ್ತಿದ್ದರು. ತಾನಾಗಿ ಇನ್ನೊಬ್ಬರ ಮನೆಗೆ ಹೋಗುವ ರೂಢಿ ಅವಳ ಕಾಲಿಗೆ ಎಂದೂ ಬಂದಿರಲಿಲ್ಲ.

ಮಿಕ್ಕ ಮೊಗ್ಗುಗಳು ಅರಳಿದ ದಿನ ವಸೀಲಾಳ ಮನೆಗೆ ಹೋದಳು. ಹೆಂಗಸರು ಆಗಲೇ ಹಾಸಿನ ಮೇಲೆ ಕೂತಿದ್ದರು. ಯಾರೋ ಸರಿದು ಜಾಗ ಮಾಡಿದರು. ಕೂತಳು. ಕೈ ತಾನಾಗಿ ಹೂ ಬಿಡಿಸತೊಡಗಿತು. ಬಾಯಿಗೆ ಮಾತ್ರ ಕೆಲಸ ತಿಳಿಯಲಿಲ್ಲ. ತನ್ನ ಮನೆಯಲ್ಲಿ ಅವಳು ಒಲೆಗೂ ಅಂಗಳಕ್ಕೂ ಓಡಾಡುತ್ತಿದ್ದವಳು, ಆ ನಗುವನ್ನು ಬೆನ್ನಿನಿಂದಲೇ ಕೇಳಿದವಳು. ಇವರ ನಡುವೆ ಕೂತದ್ದು ಇದೇ ಮೊದಲು. ಯಾರ ಸೊಸೆಯ ಮಾತೋ ನಡೆದಿತ್ತು. ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಪಕ್ಕದವಳ ಕಡೆ ಬಾಗಿ ಮೆಲ್ಲಗೆ ಕೇಳಿದಳು:

“ಯಾರ ವಿಷಯ ಅದು?”