ಲಾಡಿ ಕಟ್ಟಿದ ಫ್ರಿಜ್ಜು

ಫ್ರಿಜ್ಜಿನ ಬಾಗಿಲಿಗೆ ಲಂಗದ ಲಾಡಿ ಸುತ್ತಿ, ಒಂದು ಗಂಟು ಹಾಕಿ, ಆ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದು, ಅದೂ ಸಾಲದೆಂದು ಮೊಣಕಾಲಿನಿಂದ ಒತ್ತಿ ನೋಡುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಆ ಹೆಂಗಸು ನಾನೇ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಮಾತಾಡೋಣ. ನಮ್ಮದೊಂದು ಕ್ಯಾರವಾನ್ ಇದೆ. ಕಾರಿನ ಬೆನ್ನಿಗೆ ಕಟ್ಟಿ ಎಳೆದೊಯ್ಯುವ ಗಾಲಿಯ ಮನೆ. ಅದರ ಒಲೆ ಪುಟ್ಟದು, ಬಚ್ಚಲು ಪುಟ್ಟದು, ಹಾಸಿಗೆಯಂತೂ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರು ಎದ್ದು ಕೂರಬೇಕು, ಅಷ್ಟು ಪುಟ್ಟದು. ಫ್ರಿಜ್ಜು ಮಾತ್ರ ನನ್ನೆತ್ತರದ್ದು; ಮೇಲೊಂದು ಕೆಳಗೊಂದು ಬಾಗಿಲಿರುವ, ಅಪ್ಪಟ ಅಡುಗೆಮನೆಯ ಫ್ರಿಜ್ಜು. ಒಮ್ಮೆ ದೊಡ್ಡ ತಿರುವಿನಲ್ಲಿ ಅದರ ಬಾಗಿಲು ತಾನಾಗಿ ತೆರೆದು ಒಂದು ಬೋಗುಣಿ ಮೊಸರು ನೆಲಕ್ಕೆ ಅಭಿಷೇಕವಾದ ಮೇಲೆ ಈ ಲಾಡಿಯ ವ್ಯವಸ್ಥೆ ಬಂತು.

ಈ ಫ್ರಿಜ್ಜಿಗೆ ಬಿದ್ದಷ್ಟು ಬೈಗುಳ ಇಡೀ ನ್ಯೂಜಿಲೆಂಡಿನಲ್ಲಿ ಬೇರೆ ಯಾವ ಯಂತ್ರಕ್ಕೂ ಬಿದ್ದಿರಲಾರದು. ಕ್ಯಾಂಪಿನಲ್ಲಿ ಪಕ್ಕದ ಡೇರೆಯವರು ಬಾಗಿಲಲ್ಲಿ ಇಣುಕಿ, ಐಸು ತುಂಬಿದ ಪೆಟ್ಟಿಗೆಯೊಂದಿದ್ದರೆ ಎರಡು ದಿನ ಸಾಕಲ್ಲ, ಅನ್ನುತ್ತಾರೆ. ಗ್ಯಾಸಿನಲ್ಲಿ ಓಡುವ ಸಣ್ಣ ಫ್ರಿಜ್ಜು ಇಟ್ಟುಕೊಳ್ಳಬಾರದೇ, ಎಂದು ಇನ್ನೊಬ್ಬರು. ನಮ್ಮ ಯಜಮಾನರಂತೂ ಮೊದಲ ದಿನವೇ, "ಇದು ಗ್ವಾಡಿಗೆ ಹಚ್ಚಿ ಇಡೂ ಸಾಮಾನ ಐತಿ, ಗಾಲಿ ಮ್ಯಾಲೆ ಇಡೂದಲ್ಲ," ಅಂದಿದ್ದರು. ವಿದ್ಯುತ್ ಎಂಜಿನಿಯರಾಗಿ ನಿವೃತ್ತರಾದವರು, ತಂತಿಯ ವಿಷಯದಲ್ಲಿ ಅವರ ಮಾತೇ ಕಡೆಯ ಮಾತು. ಆದರೆ ಕೇಳುವವಳು ಯಾರು? ಈ ದೇಶಕ್ಕೆ ಬಂದ ದಿನದಿಂದ ನನಗೆ ಸಿಕ್ಕಿದ್ದು ಒಂದೇ ಉಪದೇಶ: ಕಡಿಮೆ ಮಾಡಿಕೋ. ಒಗ್ಗರಣೆಯ ವಾಸನೆ ಕಡಿಮೆ ಮಾಡಿಕೋ, ಫೋನಿನಲ್ಲಿ ಮಾತಾಡುವಾಗ ದನಿ ಕಡಿಮೆ ಮಾಡಿಕೋ, ಆಫೀಸಿನವರ ನಾಲಗೆಗೆ ತ್ರಾಸಾಗದಂತೆ ಹೆಸರನ್ನು ಎರಡಕ್ಷರಕ್ಕೆ ಇಳಿಸಿಕೋ. ಎಲ್ಲವನ್ನೂ ಇಳಿಸಿಕೊಂಡೆ ಮಹರಾಯರೇ, ಇಪ್ಪತ್ತು ವರ್ಷ ಇಳಿಸುತ್ತಲೇ ಬಂದೆ. ಫ್ರಿಜ್ಜಿನ ಹತ್ತಿರ ಬಂದಾಗ ಸಾಕೆನಿಸಿತು. ಇದನ್ನು ಇಳಿಸುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಅಂದೆ.

ಹಟಕ್ಕೆ ಕಾರಣವೂ ಇತ್ತು, ಅದನ್ನು ಹೇಳದೆ ಹೋದರೆ ನೀವು ನನ್ನನ್ನು ಬರೀ ಜಗಳಗಂಟಿ ಎಂದುಕೊಂಡೀರಿ. ನನ್ನ ಅಕ್ಕ ಕಳೆದ ವರ್ಷ ಬಾಗಲಕೋಟೆಯಿಂದ ಬಂದು ಈ ದೇಶದ ಉತ್ತರಕ್ಕಿರುವ ಮೌಂಟ್ ಆಲ್ಬರ್ಟಿನ ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದಳು. ಅವಳ ಒಬ್ಬಳೇ ಮಗಳು ವಾಣಿ ಇರುವುದು ದಕ್ಷಿಣದ ತುದಿಗೆ, ಸಮುದ್ರ ದಾಟಿ ಹೋಗಬೇಕಾದ ಡನೀಡಿನ್‌ನಲ್ಲಿ. ಊರಿಗೆ ಹೊರಡುವ ಹಿಂದಿನ ದಿನ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ರಾಶಿ ಹೋಳಿಗೆ ಬೇಯಿಸಿದಳು. ತಿಂದು ಉಳಿದಿದ್ದನ್ನು ಎಣ್ಣೆಕಾಗದದಲ್ಲಿ ಒಂದೊಂದಾಗಿ ಸುತ್ತಿ, ಡಬ್ಬಿಗೆ ಹಾಕಿ, ಮನೆಯ ಫ್ರಿಜ್ಜಿನ ಮೇಲುಗಡೆಯ ಬರ್ಫದ ಖಾನೆಯಲ್ಲಿಟ್ಟು, "ವಾಣಿ ಬಸರಾದ್ಲಂದ್ರ ಕುಬಸದಾಗ ಇವನ್ನ ಕೊಡ, ಅಷ್ಟೊತ್ತಿಗೆ ನನಗ ವೀಸಾ ಸಿಗತೈತೋ ಇಲ್ಲೋ," ಎಂದು ನಕ್ಕಳು. ವೀಸಾದ ಮಾತು ದೂರವೇ ಉಳಿಯಿತು. ಮೂರು ತಿಂಗಳಿಗೆ ಅಕ್ಕ ಹೋಗಿಬಿಟ್ಟಳು. ಅದಾದ ಕೆಲವೇ ವಾರಕ್ಕೆ ವಾಣಿ ಫೋನು ಮಾಡಿ ಬಸುರಿಯಾದ ಸುದ್ದಿ ಹೇಳಿದಳು. ಫೋನಿಟ್ಟವಳೇ ಹೋಗಿ ಡಬ್ಬಿ ತೆಗೆದು ಎಣಿಸಿದೆ.

ಡಬ್ಬಿಯಲ್ಲಿ ಒಂಬತ್ತು ಹೋಳಿಗೆ. ನಮ್ಮ ಕಡೆ ಏಳನೇ ತಿಂಗಳಿಗೆ ಕುಬಸ ಮಾಡುತ್ತೇವೆ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಎಲ್ಲಕ್ಕೂ ಮೊದಲು ತವರಿನಿಂದ ಬಂದ ಬುತ್ತಿಯ ತುತ್ತು ಬಸುರಿಯ ಬಾಯಿಗೆ ಬೀಳಬೇಕು. ವಾಣಿಗೆ ಈಗ ತವರೆಂದರೆ ನಾನು, ಬುತ್ತಿಯೆಂದರೆ ಆ ಒಂಬತ್ತು. ಹೋಳಿಗೆ ಯಾರು ಮಾಡಿದರೂ ಹೋಳಿಗೆಯೇ, ಹೊಸದಾಗಿ ಮಾಡಿಕೊಡು, ಎಂದರು ಕೆಲವರು. ನಾನೂ ಮಾಡಬಲ್ಲೆ ಸ್ವಾಮಿ, ಕೈಯೇನು ಬಿದ್ದುಹೋಗಿಲ್ಲ. ಆದರೆ ಅಕ್ಕ ಇನ್ನೊಮ್ಮೆ ಮಾಡಲಾರಳು. ವಿಮಾನದಲ್ಲಿ ಒಯ್ದರೆ ಎರಡು ತಾಸಿನ ಹಾದಿ ಎಂದರು ಇನ್ನು ಕೆಲವರು. ಒಮ್ಮೆ ನನ್ನ ಉಪ್ಪಿನಕಾಯಿಯ ಚೀಲವನ್ನು ಇನ್ನೆಲ್ಲಿಗೋ ಹಾರಿಸಿದವರ ಕೈಗೆ ಅಕ್ಕನ ಹೋಳಿಗೆ ಕೊಡಲೇ? ಅದೂ ಅಲ್ಲದೆ ಬಾಣಂತನ ಮುಗಿಯುವವರೆಗೆ ಅಲ್ಲೇ ಇರಬೇಕಿತ್ತು. ವಾಣಿಯದು ಎರಡು ಕೋಣೆಯ ಮನೆ, ಅವಳ ಅಂಗಳದಲ್ಲಿ ಕ್ಯಾರವಾನ್ ನಿಲ್ಲಿಸಿ ಅದರಲ್ಲೇ ಇರುವುದೆಂದು ನಿಶ್ಚಯವಾಗಿತ್ತು. ಕ್ಯಾರವಾನ್ ಹೋಗಲೇಬೇಕೆಂದ ಮೇಲೆ ಫ್ರಿಜ್ಜೂ ಹೋಗುತ್ತದೆ, ಅದರ ಬರ್ಫದ ಖಾನೆಯಲ್ಲಿ ಡಬ್ಬಿಯೂ ಹೋಗುತ್ತದೆ.

ಕ್ಯಾಂಪಿನಲ್ಲಿ ನಿಂತಾಗ ಕರೆಂಟಿಗೆ ಚಿಂತೆಯಿಲ್ಲ, ಕಂಬದ ಪ್ಲಗ್ಗಿಗೆ ವೈರು ಚುಚ್ಚಿದರಾಯಿತು. ದಿನಗಟ್ಟಲೆ ಎಳೆಯುವಾಗಲೇ ಕಷ್ಟ. ಮನೆಯ ಫ್ರಿಜ್ಜಿಗೆ ಮನೆಯ ಕರೆಂಟೇ ಬೇಕು, ಬ್ಯಾಟರಿಯ ಕರೆಂಟನ್ನು ಅದು ಮೂಸಿಯೂ ನೋಡುವುದಿಲ್ಲ. ನಮ್ಮವರು ಗೊಣಗುತ್ತಲೇ ಕೆಲಸಕ್ಕೆ ಕೈ ಹಚ್ಚಿದರು. ಮಂಚದ ಕೆಳಗೆ ದೊಡ್ಡ ಬ್ಯಾಟರಿ ಕೂರಿಸಿದರು. ಅದರ ಕರೆಂಟನ್ನು ಮನೆಯ ಕರೆಂಟಾಗಿ ಮಾರ್ಪಡಿಸಲು ಇನ್ವರ್ಟರ್ ಇಟ್ಟರು. ಓಡುವಾಗ ಬ್ಯಾಟರಿ ತುಂಬುತ್ತಿರಲೆಂದು ಮುಂದಿನ ನಮ್ಮ ಕಾರಿನ ಎಂಜಿನ್ನಿನಿಂದ ಹಿಂದಿನವರೆಗೆ ಕಿರುಬೆರಳು ದಪ್ಪದ ತಂತಿ ಎಳೆದರು. ಸಣ್ಣ ತಂತಿಯಲ್ಲಿ ಅರ್ಧ ಶಕ್ತಿ ಹಾದಿಯಲ್ಲೇ ಸೋರಿಹೋಗುತ್ತದಂತೆ. ಎಷ್ಟು ತುಂಬಿದೆ ಎಂದು ತೋರಿಸುವ ಪುಟ್ಟ ಪರದೆಯೊಂದನ್ನು ಸ್ಟೀರಿಂಗಿನ ಪಕ್ಕ ಅಂಟಿಸಿದರು. ಮುಗಿದ ಮೇಲೆ ಮೈಯ ಧೂಳು ಕೊಡವಿಕೊಂಡು, "ತಗೋ, ನಿನ್ನ ಐರಾವತಕ್ಕ ಮೇವು ಆತು," ಅಂದರು. ಹೊಗಳಿಕೆ ಅವರಿಗೆ ಬರುವುದೇ ಹಾಗೆ.

ಜನವರಿಯ ಬಿಸಿಲಿನಲ್ಲಿ ಹೊರಟೆವು. ಎಳೆಯುವ ಗಾಡಿ ತೊಂಬತ್ತರ ಮೇಲೆ ಹೋಗುವಂತಿಲ್ಲ, ಹಿಂದೆ ಕಾರುಗಳ ಮೆರವಣಿಗೆ. ಹೊರಡುವ ಮೊದಲೇ ನಾನು ಕಾನೂನು ಹೊರಡಿಸಿದ್ದೆ: ಎಳೆಯುವ ಹೊತ್ತಿನಲ್ಲಿ ಫ್ರಿಜ್ಜಿನ ಬಾಗಿಲು ಯಾರೂ ತೆಗೆಯಕೂಡದು. ಮಜ್ಜಿಗೆ ಬೇಕೆಂದರೂ ಇಲ್ಲ, ನೀರು ಬೇಕೆಂದರೂ ಇಲ್ಲ. ತೆಗೆದಷ್ಟೂ ತಂಪು ಹೊರಗೆ, ಬ್ಯಾಟರಿ ಕೆಳಗೆ. ಮೊದಲ ದಿನ ಎಲ್ಲ ಸುಸೂತ್ರ. ಟೌಪೊದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಆರಕ್ಕೇ ಹೊರಟು, ಟೈಹಾಪೆ ದಾಟಿ, ಮಧ್ಯಾಹ್ನಕ್ಕೆ ವೆಲಿಂಗ್ಟನ್ನಿನ ಹಡಗುಕಟ್ಟೆಗೆ ಬಂದು ಸಾಲಿನಲ್ಲಿ ನಿಂತೆವು. ಎಂಜಿನ್ ಬಂದ್ ಮಾಡಿ ತಾಸೊಂದಾಗಿತ್ತು. ನಮ್ಮವರು ಪರದೆ ನೋಡಿ ಹುಬ್ಬೇರಿಸಿದರು. ಬ್ಯಾಟರಿ ನೂರಕ್ಕೆ ನೂರು! ಒಂದು ಕೂದಲೆಳೆಯೂ ಇಳಿದಿಲ್ಲ. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಹಡಗಿನಲ್ಲಿ ಗಾಡಿಗಳನ್ನು ತಳಕ್ಕೆ ಬಿಟ್ಟು ಮೇಲೆ ಹೋಗಬೇಕು, ದಡ ಮುಟ್ಟುವವರೆಗೆ ಕೆಳಗಿಳಿಯುವಂತಿಲ್ಲ. ಆ ಮೂರೂವರೆ ತಾಸು ಕಿಟಕಿಯ ಪಕ್ಕ ಕೂತು, ಐಸಿನ ಪೆಟ್ಟಿಗೆಯ ಉಪದೇಶ ಮಾಡಿದವರಿಗೆಲ್ಲ ಮನಸ್ಸಿನಲ್ಲೇ ಉತ್ತರ ಕೊಡುತ್ತ, ಸಮುದ್ರವನ್ನೂ ಸರಿಯಾಗಿ ನೋಡಲಿಲ್ಲ.

ಆಚೆ ದಡದ ಪಿಕ್ಟನ್ನಿನ ಕ್ಯಾಂಪಿನಲ್ಲಿ ಸಂಜೆ ಲಾಡಿ ಬಿಚ್ಚಿದೆ. ಒಳಗೆ ದೀಪ ಹತ್ತಲಿಲ್ಲ. ಬಾಗಿಲ ಅಂಚಿನಿಂದ ನೀರಿನ ಒಂದು ಗೆರೆ ಇಳಿದು ನನ್ನ ಕಾಲುಬೆರಳು ಮುಟ್ಟಿತು. ಮೇಲಿನ ಖಾನೆ ತೆಗೆದು ಡಬ್ಬಿ ಮುಟ್ಟಿದರೆ ಅದರ ಮೈಯೆಲ್ಲ ಬೆವರು. ನಮ್ಮವರು ಓಡಿ ಬಂದು, ಮಂಚದ ಕೆಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗದೆಯೇ, "ಇನ್ವರ್ಟರ್ ಟ್ರಿಪ್ ಆಗಿರಬೇಕು," ಅಂದರು.

ಅದು ತಾನಾಗಿ ಟ್ರಿಪ್ ಆಗಿ ನಿಂತಿರಲಿಲ್ಲ. ಸ್ವಿಚ್ಚು ಬಂದ್ ಆಗಿತ್ತು. ಬಂದ್ ಮಾಡಿದವಳು ನಾನು. ಟೌಪೊದಲ್ಲಿ ಹೊರಡುವಾಗ ವೈರು ಕಿತ್ತು, ನಲ್ಲಿ ತಿರುವಿ, ಬಾಗಿಲು ಹಾಕುವ ಮೊದಲು ಒಂದೊಂದೇ ಸ್ವಿಚ್ಚು ಒತ್ತುತ್ತ ಬಂದಿದ್ದು ಕಣ್ಣಿಗೆ ಕಟ್ಟಿತು. ಬಾಗಲಕೋಟೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ, ಯಾವಾಗ ಎರಡರಷ್ಟು ಜೋರಾಗಿ ನುಗ್ಗಿ ಬರುತ್ತದೋ ದೇವರೇ ಬಲ್ಲ. ಅದಕ್ಕೇ ನಮ್ಮಪ್ಪ ಮನೆ ಬಿಡುವಾಗ ಕೀಲಿ ಹಾಕುವ ಮೊದಲು ಎಲ್ಲ ಸ್ವಿಚ್ಚು ಬಂದ್ ಮಾಡಿಸುತ್ತಿದ್ದ, ಆಮೇಲೆ ಮೇನು ಬಂದ್, ಆಮೇಲೆ ದೇವರಿಗೆ ಕೈ. ಐವತ್ತು ವರ್ಷದ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದನ್ನು ನಾನು ಇನ್ನೊಬ್ಬರಿಗೆ ಹೇಳಿ ನಕ್ಕವಳೇ. ಬ್ಯಾಟರಿ ನೂರಕ್ಕೆ ನೂರು ಯಾಕಿತ್ತೆಂದು ಈಗ ತಿಳಿಯಿತು, ಉಣ್ಣುವವರೇ ಇಲ್ಲದ ಮನೆಯಲ್ಲಿ ಗಡಿಗೆ ಖಾಲಿಯಾಗುವುದು ಹೇಗೆ? ಬಾಗಿಲು ತೆಗೆಯಗೊಡದೆ ಹನ್ನೆರಡು ತಾಸು ಆ ಕತ್ತಲನ್ನು ಕಾದವಳೂ ನಾನೇ. ಒಂದು ಲೋಟ ಮಜ್ಜಿಗೆ ಕೊಟ್ಟಿದ್ದರೆ ಟೈಹಾಪೆಯಲ್ಲೇ ಗೊತ್ತಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇದಿತ್ತು.

"ಸುಳ್ಳ ಹೇಳಬ್ಯಾಡ್ರಿ, ನಾನ ಬಂದ್ ಮಾಡೀನಿ. ಬೈರಿ ನನಗ," ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಸಮಾ ಜಗಳವಾಡಿ ಹಗುರಾಗುತ್ತಿದ್ದೆ. "ನಾನೂ ಪರದೆ ನೋಡಿ ಖುಷಿ ಪಟ್ಟೆ, ನಲವತ್ತು ವರ್ಷ ಎಂಜಿನಿಯರ್ ಇದ್ದಾಂವ," ಅಂದು, ಬಗ್ಗಿ ನೆಲದ ನೀರು ಒರೆಸತೊಡಗಿದರು. ನನಗೆ ಅಳು ಬಂತು. ಅತ್ತೆ. ಅಕ್ಕ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ವಿಮಾನ ಹಿಡಿಯುವ ಗಡಿಬಿಡಿ, ಆಮೇಲೆ ಬಂದು ಹೋಗುವವರ ಚಹಾ, ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು?

ಅತ್ತು ಮುಗಿದ ಮೇಲೆ ಡಬ್ಬಿ ತೆಗೆದೆ. ಮೇಲಿನವು ಅಂಚಿನಲ್ಲಿ ಮೆತ್ತಗಾಗಿದ್ದವು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದೆ: ನಡುವೆ ಇನ್ನೂ ಕಲ್ಲಿನಂತೆ ಗಟ್ಟಿ, ಕಾಗದದ ಒಳಗೆ ಬರ್ಫದ ಹರಳು. ಮೂಸಿದೆ, ಬೇಳೆ ತುಪ್ಪದ ವಾಸನೆ ಬಿಟ್ಟರೆ ಬೇರೇನಿಲ್ಲ. ಕಂಬಕ್ಕೆ ವೈರು ಚುಚ್ಚಿದೆವು, ಐರಾವತ ಗುರ್ ಅಂದಿತು. ನಮ್ಮವರು, ಕೆಟ್ಟರೆ ಬಸುರಿಗೆ ಹೇಗೆ ಕೊಡುವುದು, ಇಲ್ಲೇ ನಾವು ತಿಂದು ಮುಗಿಸೋಣವೇ, ಎಂದು ಮೆಲ್ಲಗೆ ಕೇಳಿದರು. ಬರ್ಫ ಕರಗದ ಅಡುಗೆ ಕೆಟ್ಟಿಲ್ಲ, ಮುಂದಿನ ಎರಡು ದಿನ ಕೆಡುವುದೂ ಇಲ್ಲ ಅಂದೆ. ತಪ್ಪು ಮಾಡಿದವಳು ತಲೆ ತಗ್ಗಿಸಬೇಕೆಂಬ ಕಟ್ಟಳೆ ಇದ್ದರೆ ಇರಲಿ. ತಲೆ ತಗ್ಗಿಸಿಕೊಂಡು ಇನ್ನೂ ಏಳುನೂರು ಕಿಲೋಮೀಟರ್ ಹೋಗುವುದು ನನ್ನಿಂದಾಗದು. ಇನ್ವರ್ಟರಿನ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಕುಂಕುಮ ಹಚ್ಚಿದೆ. ಅಪ್ಪನ ಮಗಳ ಬೆರಳು ಕುಂಕುಮ ಕಂಡರೆ ಮಾತ್ರ ಹಿಂಜರಿಯುತ್ತದೆಂದು ನನಗೆ ಗೊತ್ತು. ಆಮೇಲಿನ ಎರಡು ದಿನ ಕೈಕೌರಾದ ಸಮುದ್ರ, ಆ್ಯಶ್‌ಬರ್ಟನ್ನಿನ ಬಯಲು, ಓಮರೂ, ಎಲ್ಲೆಲ್ಲಿ ಗಾಡಿ ನಿಂತಿತೋ ಅಲ್ಲೆಲ್ಲ ಇಳಿದು ಬಾಗಿಲು ತೆಗೆದು ದೀಪ ನೋಡಿದೆ. ನನ್ನ ಕಾನೂನನ್ನು ನಾನೇ ಮುರಿದೆ, ನಮ್ಮವರಿಗೆ ಹೊಟ್ಟೆತುಂಬ ತಣ್ಣನೆಯ ಮಜ್ಜಿಗೆಯೂ ಸಿಕ್ಕಿತು.

ಕುಬಸದ ದಿನ ವಾಣಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತ ಡನೀಡಿನ್‌ನ ನಾಲ್ಕಾರು ಕನ್ನಡದ ಮನೆಯವರು. ನಾನು ಹೆಂಚಿನ ಮೇಲೆ ತುಪ್ಪ ಹಾಕಿ ಏಳು ಹೋಳಿಗೆ ಬಿಸಿ ಮಾಡಿ, ಮೊದಲು ಒಂದು ಚೂರು ನಾನೇ ತಿಂದು, ಒಂದು ಗಳಿಗೆ ಕಾದು, ಆಮೇಲೆ ತಾಟು ಅವಳ ಮುಂದಿಟ್ಟೆ. ಇವನ್ನು ಯಾರು ಮಾಡಿದ್ದೆಂದು ಅವಳಿಗೆ ಹೇಳಿರಲಿಲ್ಲ. ಪಿಕ್ಟನ್ನಿನಲ್ಲಿ ಆಗಿದ್ದು ಕಂಡ ಮೇಲೆ ಬಾಯಿ ಬಿಡುವ ಧೈರ್ಯ ಉಳಿದಿರಲಿಲ್ಲ. ಅವಳು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಕೆಟ್ಟಿದೆಯೇ, ಉಗುಳುತ್ತಾಳೆಯೇ, ಎಂದು ನಾನು ಕೈ ಒಡ್ಡಿದೆ.

"ಸಪ್ಪಗ ಐತಿ," ಅಂದಳು. ನನ್ನ ಕಡೆ ನೋಡಿದಳು. "ಚಿಗವ್ವ, ಇದು ಅವ್ವಂದು! ತನಗ ಶುಗರ್ ಬಂದಾಗಿಂದ ಊರ ಮಂದಿ ಹೋಳಿಗಿಗೆಲ್ಲಾ ಬೆಲ್ಲಾ ಕಡಿಮಿ ಮಾಡಿದ್ಲು ನೋಡ, ಅಕಿ!" ಅನ್ನುತ್ತ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಸುರಿಸಿದಳು. ಅಳುತ್ತಲೇ ತಿಂದಳು. ಯಾರಿಗೂ ಒಂದು ಚೂರು ಕೊಡಲಿಲ್ಲ, ಬಂದವರೂ ಕೇಳಲಿಲ್ಲ. ಮೂರು ಮುಗಿಸಿ, ನಾಲ್ಕನೆಯದಕ್ಕೆ ಕೈಯಿಟ್ಟು, ಇನ್ನೆಷ್ಟು ಉಳಿದಾವ ಎಂದು ಕೇಳಿದಳು. ಡಬ್ಬಿಯಲ್ಲಿ ಇನ್ನೆರಡು ಇವೆ, ತರಲೇ, ಅಂದೆ.

"ಬ್ಯಾಡ. ಅವು ಕೂಸಿಗೆ ಹಲ್ಲ ಬರೂತನಕ ಇರಲಿ."

ಇನ್ನೂ ಹುಟ್ಟದ ಕೂಸು, ಅದು ಹುಟ್ಟಬೇಕು, ಹಲ್ಲು ಬರಬೇಕು, ಅಲ್ಲಿಯವರೆಗೆ ಎರಡು ಸಪ್ಪೆ ಹೋಳಿಗೆ! ಕೂತವರಲ್ಲಿ ಯಾರೋ ತಿಳಿಹೇಳಲು ಬಾಯಿ ತೆರೆದರು. ನಾನು ಅವರನ್ನು ದಿಟ್ಟಿಸಿ ನೋಡಿದೆ. ಅವರು ಬಾಯಿ ಮುಚ್ಚಿಕೊಂಡರು.