ಚಿತ್ರ ಬಂತು, ದನಿ ಬರಲಿಲ್ಲ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೆ ಅಂಟಿದ ಕಿರುಕೋಣೆಯಲ್ಲಿ ಅವರು ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಪರದೆಯ ಮೇಲಿರುವುದು ದೂರದ ಕಚೇರಿಯೊಂದರ ಕಂಪ್ಯೂಟರು. ಅಲ್ಲಿ ಬಾಣದ ಗುರುತು ಓಡಾಡುತ್ತಿದೆ, ಓಡಿಸುವ ಕೈ ಇಲ್ಲಿದೆ. ಪಕ್ಕದ ಚಹಾ ಆರಿ ತಣ್ಣಗಾಗಿದೆ.

ವಿಂಡೋಸ್, ಮ್ಯಾಕ್, ಲಿನಕ್ಸ್ ಒಂದಕ್ಕೊಂದು ಸುಲಭಕ್ಕೆ ಹೊಂದಿಕೊಳ್ಳುವುದಿಲ್ಲ. ಒಂದರ ಪರದೆಯನ್ನು ದೂರದಿಂದ ಇನ್ನೊಂದರಲ್ಲಿ ತೆರೆದುಕೊಡುವುದು ಇವರ ಕೆಲಸ. ಗಿರಾಕಿಗಳಿಗೆ ಇವರು ‘ಕನೆಕ್ಷನ್ ಅಕ್ಕ’. ಅತ್ತೆಗೆ ಮಾತ್ರ ಸೊಸೆಯ ಕಸುಬು ಇನ್ನೂ ತಲೆಗೆ ಹತ್ತಿಲ್ಲ. ಯಾರದೋ ಕಂಪ್ಯೂಟರಿಗೆ ಇಲ್ಲಿಂದಲೇ ಮದ್ದು ಹಾಕುತ್ತಾಳೆ ಎಂದು ನೆರೆಯವರಿಗೆ ಹೇಳುತ್ತಾರೆ.

ಮೊದಲು ಅಂಗಡಿ, ಕಚೇರಿ ಅಲೆದು ರಿಪೇರಿ ಮಾಡುತ್ತಿದ್ದವರನ್ನು ಬೆನ್ನುನೋವು ಮನೆಯಲ್ಲಿ ಕೂರಿಸಿತು. ಗಿರಾಕಿಗಳ ಬೈಗುಳವೂ ಫೋನಿನಲ್ಲಿ ಮನೆಗೇ ಬರತೊಡಗಿತು. “ಮುಖ ಕಾಣದಿದ್ರೆ ಬೈಯೋದು ಸುಲಭ ನೋಡಿ,” ಎಂದು ನಗುತ್ತಾರೆ.

ಅವರು ಮರೆಯದ ಕೆಲಸವೊಂದಿದೆ. ಬ್ರೈಲ್ ಲಿಪಿಯಲ್ಲಿ ಶಾಲೆಯ ಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಟೀಚರಮ್ಮ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ತಮ್ಮನ ಮನೆ ಸೇರಿದ್ದರು. ಮುದ್ರಣಾಲಯದ್ದು ವಿಂಡೋಸ್, ತಮ್ಮನದು ಮ್ಯಾಕ್. ವಾರದೊಳಗೆ ಅಲ್ಲಿಂದ ಕೆಲಸ ಸಾಗದಿದ್ದರೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದಿದ್ದರು ಮಾಲೀಕರು.

ಅಕ್ಕ ಎರಡನ್ನೂ ಜೋಡಿಸಿದರು. ಮ್ಯಾಕ್‌ನಲ್ಲಿ ಮುದ್ರಣಾಲಯದ ಪರದೆ ಮೂಡಿತು. ಚೆನ್ನಾಗಿ ಕಾಣ್ತಿದೆಯಾ ಎಂದು ಫೋನಿನಲ್ಲಿ ಹಿಗ್ಗಿ ಕೇಳಿದರು.

“ನನಗೆ ಕಣ್ಣು ಕಾಣಲ್ಲಮ್ಮ. ದನಿ ಕಳಿಸು,” ಎಂದರು ಟೀಚರಮ್ಮ.

ಅದನ್ನು ಇವರಿಗೆ ಯಾರೂ ಹೇಳಿರಲಿಲ್ಲ. ನಾಲಿಗೆ ಕಚ್ಚಿಕೊಂಡರು. ಟೀಚರಮ್ಮ ತಿದ್ದುತ್ತಿದ್ದದ್ದು ಕಂಪ್ಯೂಟರು ಓದಿ ಹೇಳುವುದನ್ನು ಕೇಳಿಕೊಂಡು. ಈಗ ಚಿತ್ರವೇನೋ ಬಂದಿತ್ತು, ದನಿ ಮುದ್ರಣಾಲಯದ ಖಾಲಿ ಕೋಣೆಯಲ್ಲೇ ಓದುತ್ತಿತ್ತು.

ದನಿಯನ್ನೂ ತಂದಾಗ ಹೊಸ ಪೇಚು. ಮ್ಯಾಕ್ ತನ್ನದೇ ದನಿಯಲ್ಲಿ ಓದುತ್ತದೆ, ದೂರದ ಕಂಪ್ಯೂಟರೂ ಓದುತ್ತದೆ. ಎರಡೂ ಒಟ್ಟಿಗೆ ಬಾಯಿ ಹಾಕಿದರೆ ಒಂದು ಪದವೂ ತಿಳಿಯದು. ಟೀಚರಮ್ಮನ ಬೆರಳಿಗೆ ರೂಢಿಯಾಗಿದ್ದ ಕೀಬೋರ್ಡಿನ ಕೀಲಿಯೊಂದು ಮ್ಯಾಕ್‌ನಲ್ಲಿ ಇರಲೇ ಇಲ್ಲ. ಅಕ್ಕ ಗೆಳತಿಯೊಬ್ಬಳ ಮ್ಯಾಕ್ ತಂದು, ಪರದೆಯ ಮೇಲೆ ಟವೆಲ್ ಹೊದಿಸಿ, ಕಿವಿಯೊಂದನ್ನೇ ನಂಬಿ ಕೂತರು. ದಾರಿ ತಪ್ಪಿದರು, ಬೆವರಿದರು. ಒಮ್ಮೆ ಟವೆಲ್ ಎತ್ತಿ ನೋಡುವ ಆಸೆಯೂ ಆಯಿತಂತೆ. ಕೊನೆಗೆ, ದೂರದ ಪರದೆ ತೆರೆದೊಡನೆ ಮನೆಯ ಮ್ಯಾಕ್‌ನ ದನಿ ತಾನಾಗಿ ಸುಮ್ಮನಾಗುವಂತೆ ಮಾಡಿದರು, ಇಲ್ಲದ ಕೀಲಿಯ ಕೆಲಸವನ್ನು ಇನ್ನೊಂದು ಕೀಲಿಗೆ ಒಪ್ಪಿಸಿದರು.

ವಾರ ಮುಗಿಯುವ ಮೊದಲೇ ಟೀಚರಮ್ಮ ವಿಜ್ಞಾನದ ಪಾಠವೊಂದನ್ನು ತಿದ್ದಿ ಕಳಿಸಿದರು. ಕೆಲಸ ಉಳಿಯಿತು. ಮಕ್ಕಳ ಕೈಗೆ ಪುಸ್ತಕವೂ ಸೇರಿತು.

ಇಬ್ಬರೂ ಈವರೆಗೆ ಭೇಟಿಯಾಗಿಲ್ಲ. ಟೀಚರಮ್ಮ ಹೇಗಿದ್ದಾರೆ ಎಂದು ಕೇಳಿದರೆ ಅಕ್ಕ ಫೋನಿನತ್ತ ನೋಡುತ್ತಾರೆ.

“ಫೋನೇ ಮಾಡಲ್ಲ. ಅಂದ್ರೆ ಎಲ್ಲ ಸರಿಯಾಗಿ ನಡೀತಿದೆ ಅಂತ ಅಲ್ವಾ? ಆದ್ರೂ ಯಾವತ್ತಾದ್ರೂ ಒಂದಿನ, ಏನೂ ಕೆಡದಿದ್ರೂ, ಸುಮ್ನೆ ಮಾಡ್ಲಿ ಅನ್ಸುತ್ತೆ.”